ಬಾಡಿಗೆ ಮನೆ, ಮಳಿಗೆಗಳಿಗೆ ಬೀಗ ಹಾಕುವ ಹಕ್ಕು ಯಾರದು?

ಮೂರು ತಿಂಗಳ ಬಾಡಿಗೆ ಬಾಕಿ ಇರುವ ಕುಟುಂಬವೊಂದು ಮದುವೆಗೆಂದು ಪರಊರಿಗೆ ತೆರಳಿ ಮರಳಿದಾಗ, ತಾವು ಹಾಕಿದ್ದ ಬೀಗದ ಪಕ್ಕದಲ್ಲಿ ಮಾಲೀಕರ ಇನ್ನೊಂದು ಬೀಗ ಕಾಣುತ್ತದೆ. ಒಳಗೆ ಮಕ್ಕಳ ಪುಸ್ತಕ, ವೃದ್ಧರ ಔಷಧಿ, ದಿನಸಿ ಎಲ್ಲವೂ ಉಳಿದಿರುತ್ತವೆ. ಇಂತಹ ಸಂದರ್ಭದಲ್ಲಿ ಉಭಯ ಪಕ್ಷದವರೂ ಮೊದಲು ಬರುವುದು ಸದಸ್ಯರ ಮನೆ ಬಾಗಿಲಿಗೆ. ಆದುದರಿಂದ ಈ ವಿಷಯದಲ್ಲಿ ಕಾನೂನಿನ ಸ್ಥಿತಿಯನ್ನು ಸದಸ್ಯರು ಅರಿತಿರುವುದು ಅವಶ್ಯಕ.

ಕರ್ನಾಟಕ ಬಾಡಿಗೆ ಅಧಿನಿಯಮ, 1999 ಮುಖ್ಯವಾಗಿ ಅದರ ಅನುಸೂಚಿಯಲ್ಲಿ ಹೆಸರಿಸಿದ ನಗರ ಪ್ರದೇಶಗಳಿಗೆ ಸಂಬಂಧಿಸಿದ್ದು. ಗ್ರಾಮಗಳಲ್ಲಿನ ಬಾಡಿಗೆಗೆ ಸಾಮಾನ್ಯವಾಗಿ 1882ರ ಸ್ವತ್ತು ವರ್ಗಾವಣೆ ಅಧಿನಿಯಮವೇ ಆಧಾರ. ಅದರ 108ನೇ ಪ್ರಕರಣದಂತೆ, ಬಾಡಿಗೆ ಪಾವತಿಸಿ ಷರತ್ತು ಪಾಲಿಸುವವರು ಅವಧಿ ಮುಗಿಯುವವರೆಗೆ ಅಡ್ಡಿಯಿಲ್ಲದೆ ಸ್ವತ್ತನ್ನು ಅನುಭವಿಸಬಹುದು. ಬಾಡಿಗೆ ಬಾಕಿಯಾದರೆ ಮಾಲೀಕರೇ ಬೀಗ ಹಾಕಬಹುದೇ? ಸಾಧ್ಯವಿಲ್ಲ. ನೆಲೆನಿಂತ ಸ್ವಾಧೀನದಲ್ಲಿರುವವರಿಗೆ ಅಲ್ಲಿ ಮುಂದುವರಿಯುವ ಹಕ್ಕು ಇಲ್ಲವೆಂದೇ ಭಾವಿಸಿದರೂ, ಕಾನೂನಿನ ಮಾರ್ಗದ ಹೊರತು ಮಾಲೀಕರು ಅವರನ್ನು ಹೊರಹಾಕುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ‘ಬಾಡಿಗೆ ತಪ್ಪಿದರೆ ಬೀಗ ಹಾಕಲಾಗುವುದು’ ಎಂದು ಹನ್ನೊಂದು ತಿಂಗಳ ಕರಾರಿನಲ್ಲಿ ಬರೆಸಿಕೊಂಡರೂ ಅದು ನ್ಯಾಯಾಲಯದ ಆದೇಶಕ್ಕೆ ಸಮನಾಗದು.

ಮಾಲೀಕರಿಗೆ ಇರುವ ದಾರಿ ಬೇರೆ. ಬೇರೆ ಕರಾರು ಇಲ್ಲದಿದ್ದಲ್ಲಿ, ತಿಂಗಳ ಬಾಡಿಗೆಯ ಮನೆ ಅಥವಾ ಅಂಗಡಿಗೆ 106ನೇ ಪ್ರಕರಣದಂತೆ 15 ದಿನಗಳ ಲಿಖಿತ ನೋಟಿಸು ನೀಡಿ, ತೆರವು ಮಾಡದಿದ್ದರೆ ಸಿವಿಲ್ ದಾವೆ ಹೂಡಬೇಕು. ಬಾಕಿಯ ಕಾರಣಕ್ಕೆ ಗೇಣಿ ರದ್ದಾದ ದಾವೆಯಲ್ಲಿ, ಬಾಡಿಗೆದಾರರು ಬಾಕಿ, ಬಡ್ಡಿ ಮತ್ತು ವೆಚ್ಚವನ್ನು ತುಂಬಿದರೆ ನ್ಯಾಯಾಲಯವು 114ನೇ ಪ್ರಕರಣದಡಿ ವಿನಾಯಿತಿ ನೀಡಬಹುದು. ಬೀಗ ಜಡಿದಾಗ ಬಾಡಿಗೆದಾರರು ಕಳೆದುಕೊಳ್ಳುವುದು ಈ ಅವಕಾಶವನ್ನೇ.

ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಪ್ರಕರಣದಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಅಲ್ಲಿ ಒಡೆತನದ ಪ್ರಶ್ನೆ ಅಡ್ಡಬಾರದು. ‘ನೋಡೋಣ, ಹಬ್ಬ ಕಳೆಯಲಿ’ ಎಂಬ ರಾಜಿ ಮಾತುಗಳಲ್ಲಿ ಈ ಅವಧಿ ಕಳೆದುಹೋಗುವುದುಂಟು. ಬೀಗ ಕಂಡ ದಿನಾಂಕ, ಛಾಯಾಚಿತ್ರ ಮತ್ತು ಬಾಡಿಗೆ ಪಾವತಿಯ ದಾಖಲೆಗಳನ್ನು ಅಂದೇ ಇರಿಸಿಕೊಳ್ಳುವಂತೆ ಸದಸ್ಯರು ತಿಳಿಸುವುದು ಒಳಿತು.

ಬಾಡಿಗೆದಾರರು ಬೀಗ ಬದಲಾಯಿಸುವ ವಿಷಯವೂ ಇದೆ. ಚಿಲಕಕ್ಕೆ ಹಾಕುವ ಬೀಗ ಅವರ ಸ್ವಂತ ವಸ್ತು. ಅದನ್ನು ಬದಲಿಸುವುದಕ್ಕೆ ತಕರಾರಿಲ್ಲ. ಬಾಗಿಲಿನ ಮರದೊಳಗೆ ಕೊರೆದು ಕೂಡಿಸಿದ ಬೀಗ ಮಾತ್ರ ಕಟ್ಟಡದ ಭಾಗ. ಅದನ್ನು ಮಾಲೀಕರಿಗೆ ತಿಳಿಸಿ ಬದಲಿಸಿ, ಹಳೆಯದನ್ನು ಜೋಪಾನವಾಗಿರಿಸಿ, ತೆರವು ಮಾಡುವಾಗ ಬಾಗಿಲನ್ನು ಮೊದಲಿನಂತೆ ಒಪ್ಪಿಸುವುದು ಸರಿಯಾದ ಕ್ರಮ. ಯುಕ್ತ ವೇಳೆಯಲ್ಲಿ ಒಳಬಂದು ಪರಿಶೀಲಿಸುವ ಹಕ್ಕು ಮಾಲೀಕರಿಗಿದೆ. ಆದರೆ ಬಾಡಿಗೆದಾರರಿಲ್ಲದ ವೇಳೆ ತಮ್ಮಲ್ಲಿರುವ ಎರಡನೆಯ ಕೀಲಿಯಿಂದ ತೆರೆಯುವುದು ಪರಿಶೀಲನೆ ಎನಿಸದು.

ಪಂಚಾಯಿತಿಯ ಸ್ವಂತ ಮಳಿಗೆಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಬಾಕಿದಾರರ ಅಂಗಡಿಯ ರೋಲಿಂಗ್ ಷಟರಿಗೆ ಬೀಗ ಹಾಕಿಸಬೇಕೆಂಬ ಒತ್ತಾಯ ಸಭೆಗಳಲ್ಲಿ ಕೇಳಿಬರುತ್ತದೆ. ಜನರ ಹಣ ಬಾಕಿ ಇರುವಾಗ ಅಸಮಾಧಾನ ಸಹಜವೂ ಹೌದು. ಆದರೂ ಸಭೆಯ ನಿರ್ಣಯವು ತೆರವು ಆದೇಶವಲ್ಲ. ಸಾರ್ವಜನಿಕ ಆವರಣಗಳಿಂದ ಅನಧಿಕೃತ ಅಧಿಭೋಗದಾರರನ್ನು ತೆರವುಗೊಳಿಸಲು 1974ರ ರಾಜ್ಯ ಅಧಿನಿಯಮವಿದೆ. ಅದರಡಿ ಸಕ್ಷಮ ಅಧಿಕಾರಿಯು ಕಾರಣ ಕೇಳುವ ನೋಟಿಸು ನೀಡಿ, ಅಹವಾಲು ಆಲಿಸಿ, ಬಳಿಕವೇ ಆದೇಶ ಹೊರಡಿಸಬೇಕು. ಷಟರಿನೊಳಗೆ ಕೊಳೆತ ಹಣ್ಣು ತರಕಾರಿಯ ನಷ್ಟವನ್ನು ಪಂಚಾಯಿತಿಯಿಂದಲೇ ಕೇಳುವ ಸ್ಥಿತಿ ಬಂದರೆ, ಬಾಕಿ ವಸೂಲಿಯ ವಿಷಯ ಹಿಂದೆ ಸರಿಯುತ್ತದೆ.

ಬೀಗದ ಬದಲು ನಲ್ಲಿ ನೀರು ನಿಲ್ಲಿಸುವಂತೆ ಮಾಲೀಕರು ನೀರುಗಂಟಿಗೆ ಹೇಳುವುದೂ ಉಂಟು. ಸಂಪರ್ಕ ಮಾಲೀಕರ ಹೆಸರಿನಲ್ಲಿದ್ದರೂ, ಮನೆಯಲ್ಲಿ ಜನ ವಾಸವಿದ್ದಾರೆಯೇ ಎಂದು ಸ್ಥಳ ಪರಿಶೀಲಿಸದೆ, ಬಾಯಿಮಾತಿನ ಮೇಲೆ ಅದನ್ನು ಕಡಿತಗೊಳಿಸಬಾರದು.