ಎದೆಯ ಆಪರೇಷನ್: ನೋವನ್ನು ಹಲ್ಲು ಕಚ್ಚಿ ಸಹಿಸಬೇಕಾಗಿಲ್ಲ



ಹಲ್ಲು ಕೀಳುವ ಮೊದಲು ವಸಡಿಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ. ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ಇವೆರಡೂ ನಿಮಗೆ ಗೊತ್ತಿರುವ ವಿಷಯ. ಎದೆಯ ಭಾಗವನ್ನೂ ಹೀಗೆ ಮರಗಟ್ಟಿಸಬಹುದು ಅನ್ನೋದು ಮಾತ್ರ ಹಲವರಿಗೆ ತಿಳಿದಿಲ್ಲ. ಇದಕ್ಕೆ ‘ನರ್ವ್ ಬ್ಲಾಕ್’ ಎನ್ನುತ್ತಾರೆ.

ಯಾವಾಗ ಬೇಕಾಗುತ್ತದೆ?

ಸ್ತನ ಕ್ಯಾನ್ಸರ್ ಅಥವಾ ಶ್ವಾಸಕೋಶದ ಆಪರೇಷನ್ ಆದಾಗ, ಬಿದ್ದು ಪಕ್ಕೆಲುಬು ಮುರಿದಾಗ, ಎದೆಯೊಳಗೆ ತುಂಬಿದ ಕೀವು ತೆಗೆಯಲು ಪಕ್ಕೆಯಲ್ಲಿ ಟ್ಯೂಬ್ ಹಾಕಿದಾಗ ಇದು ಉಪಯೋಗಕ್ಕೆ ಬರುತ್ತದೆ. ಸೂಜಿಯಿಂದ ಸ್ವಲ್ಪ ನೀರು ತೆಗೆಯುವುದಾದರೆ ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು.

ನೋವು ಸಹಿಸಿಕೊಂಡರೆ ಏನಾಗುತ್ತದೆ?

ಕೈ ನೋವಾದರೆ ಅಲುಗಾಡಿಸದೆ ಇಡಬಹುದು. ಎದೆಯನ್ನು ಹಾಗೆ ಇಡಲು ಆಗುತ್ತದೆಯೇ? ಪ್ರತಿ ಉಸಿರಿಗೂ ಅದು ಅಲುಗಾಡಲೇಬೇಕು. ನೋವಿಗೆ ಹೆದರಿ ರೋಗಿ ಮೇಲೆ ಮೇಲೆ ಉಸಿರಾಡುತ್ತಾಳೆ, ಕೆಮ್ಮುವುದಿಲ್ಲ. ಆಗ ಕಫ ಒಳಗೇ ನಿಂತು ನ್ಯುಮೋನಿಯಾ ಆಗಬಹುದು. ‘ಹೆಂಗಸು ಅಂದ ಮೇಲೆ ಸಹಿಸಿಕೊಳ್ಳಬೇಕು’ ಎಂಬ ಮಾತು ಇಲ್ಲಿ ಅಪಾಯಕಾರಿ. ನೋವು ತಗ್ಗಿಸುವುದು ಸುಖಕ್ಕಾಗಿ ಅಲ್ಲ, ಚೆನ್ನಾಗಿ ಉಸಿರಾಡಿ ಬೇಗ ಗುಣವಾಗಲಿಕ್ಕಾಗಿ.

ಇದು ಹೇಗೆ ಕೆಲಸ ಮಾಡುತ್ತದೆ?

ನಮಗೆ 12 ಜೊತೆ ಪಕ್ಕೆಲುಬುಗಳಿವೆ. ಒಂದೊಂದು ಎಲುಬಿನ ಕೆಳಅಂಚಿನಲ್ಲಿ ಬೆನ್ನಿನಿಂದ ಮುಂದಕ್ಕೆ ಒಂದೊಂದು ನರ ಹೋಗುತ್ತದೆ. ಒಂದು ಕೋಣೆಯ ಫ್ಯೂಸ್ ತೆಗೆದರೆ ಆ ಕೋಣೆಯ ದೀಪ ಮಾತ್ರ ಆರುತ್ತದಲ್ಲವೇ? ಹಾಗೆಯೇ ಆ ನರದ ಹತ್ತಿರ ಔಷಧಿ ಬಿಟ್ಟರೆ, ಆ ಭಾಗದ ನೋವಿನ ಸುದ್ದಿ ಮಿದುಳಿಗೆ ಹೋಗುವುದಿಲ್ಲ.

ಲಿಗ್ನೋಕೇನ್ ಎಂಬ ಔಷಧಿಯ ಪರಿಣಾಮ ಒಂದೆರಡು ಗಂಟೆ, ಬುಪಿವಕೇನ್‌ನದ್ದು ಹಲವು ಗಂಟೆ ಇರುತ್ತದೆ. ಹೆಚ್ಚು ದಿನ ಬೇಕಾದರೆ ಸಣ್ಣ ಟ್ಯೂಬ್ ಇಟ್ಟು ಔಷಧಿ ಬಿಡುತ್ತಾರೆ. ಬಸುರಿಯರಿಗೆ ಮಾಡುವಂಥದ್ದೇ ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡಿಕೊಂಡು ಸೂಜಿ ಹಾಕುತ್ತಾರೆ. 2016ರಲ್ಲಿ ವೈದ್ಯರು ಬೆನ್ನುಮೂಳೆಯ ಪಕ್ಕದ ಸ್ನಾಯುವಿನ ಅಡಿಗೆ ಔಷಧಿ ಬಿಡುವ ವಿಧಾನವನ್ನು ವಿವರಿಸಿದರು. ಇದರಲ್ಲಿ ಸೂಜಿ ಶ್ವಾಸಕೋಶದಿಂದ ದೂರವಿರುತ್ತದೆ.

ದೊಡ್ಡ ಆಪರೇಷನ್‌ಗೆ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಈ ಇಂಜೆಕ್ಷನ್ನೂ ಕೊಡುತ್ತಾರೆ. ಇದರಿಂದ ಮಾರ್ಫಿನ್‌ನಂಥ ಔಷಧಿ ಕಡಿಮೆ ಸಾಕಾಗುತ್ತದೆ. ವಾಂತಿ, ಮಂಪರು ಕಡಿಮೆಯಾಗುತ್ತದೆ. ಆದರೂ ನೋವಿನ ಮಾತ್ರೆ ಸ್ವಲ್ಪ ಬೇಕಾಗಬಹುದು.

ಅಪಾಯ ಇಲ್ಲವೇ?

ಅಪರೂಪಕ್ಕೆ ಇದೆ. ಸೂಜಿ ಶ್ವಾಸಕೋಶಕ್ಕೆ ತಾಗಬಹುದು, ಔಷಧಿ ರಕ್ತಕ್ಕೆ ಹೆಚ್ಚು ಸೇರಬಹುದು. ತುಟಿ ಜುಮ್ಮೆಂದರೆ, ಬಾಯಲ್ಲಿ ಕಬ್ಬಿಣದ ರುಚಿ ಬಂದರೆ, ಕಿವಿ ಗುಂಯ್‌ಗುಟ್ಟಿದರೆ, ಉಸಿರು ಕಟ್ಟಿದಂತಾದರೆ ಕೂಡಲೇ ಹೇಳಬೇಕು.

ಮೊದಲೇ ಡಾಕ್ಟರಿಗೆ ಹೇಳಿ:

1. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ (ನೀವಾಗಿಯೇ ನಿಲ್ಲಿಸಬೇಡಿ).
2. ಹಿಂದೆ ಯಾವುದಾದರೂ ಇಂಜೆಕ್ಷನ್ ಅಲರ್ಜಿ ಆಗಿದ್ದರೆ.
3. ಬೆನ್ನು, ಎದೆಯ ಮೇಲೆ ಕುರು, ಹುಣ್ಣು ಇದ್ದರೆ.

ಡಾಕ್ಟರನ್ನು ಕೇಳಿ:

1. ನನಗೆ ನರ್ವ್ ಬ್ಲಾಕ್ ಕೊಡಬಹುದೇ? ಇಲ್ಲಿ ಆ ಸೌಲಭ್ಯ ಇದೆಯೇ?
2. ಎಷ್ಟು ಹೊತ್ತು ಇರುತ್ತದೆ? ಅದು ಇಳಿದ ಮೇಲೆ ನೋವಿಗೆ ಏನು ಕೊಡುತ್ತೀರಿ?

ಈ ಇಂಜೆಕ್ಷನ್ ಕೊಡುವವರು ಅರಿವಳಿಕೆ ಡಾಕ್ಟರು. ಆಪರೇಷನ್‌ಗೆ ಮೊದಲು ಅವರು ನೋಡಲು ಬಂದಾಗ ಸಂಕೋಚಪಡದೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ಮುಂದಿನ ವಾರದ ಸಭೆಯಲ್ಲಿ ಇದನ್ನು ಒಬ್ಬರು ಗಟ್ಟಿಯಾಗಿ ಓದಿ, ಎಲ್ಲರೂ ಚರ್ಚಿಸಿ. ಆಸ್ಪತ್ರೆಗೆ ಹೊರಟಿರುವ ಅಕ್ಕತಂಗಿಯರಿಗೂ ತಿಳಿಸಿ.