ಲೈಮ್ ರೋಗಕ್ಕೆ ಇಂಜೆಕ್ಷನ್: ಎಷ್ಟು ದಿನ, ಎಷ್ಟು ಗ್ರಾಂ, ಎಷ್ಟು ಖರ್ಚು?

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಜನ ಲೈಮ್ ರೋಗಕ್ಕೆ ಚಿಕಿತ್ಸೆ ಪಡೆಯುತ್ತಾರೆ ಎಂಬುದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜು. ಇವರಲ್ಲಿ ಬಹುಪಾಲು ಜನರಿಗೆ ಸೂಜಿ ಚುಚ್ಚಿಸಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಉಣುಗು ಕಚ್ಚಿದ ಕಡೆ ಕೆಂಪು ಮಚ್ಚೆ ಎದ್ದು ಅಗಲವಾಗುತ್ತಿರುವಾಗಲೇ ಡಾಕ್ಟರಿಗೆ ತೋರಿಸಿದರೆ ಸಾಮಾನ್ಯವಾಗಿ 100 ಮಿ.ಗ್ರಾಂ ಡಾಕ್ಸಿಸೈಕ್ಲಿನ್ ದಿನಕ್ಕೆ ಎರಡರಂತೆ 10 ದಿನ ಕೊಡುತ್ತಾರೆ. ಒಟ್ಟು 20 ಮಾತ್ರೆ, ಅಷ್ಟೇ.

ಆ ಹಂತ ತಪ್ಪಿದವರ ಲೆಕ್ಕ ಬೇರೆ. ಲೈಮ್ ತರುವ ಬೊರೇಲಿಯಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ರಕ್ತದ ಮೂಲಕ ನರಕ್ಕೆ, ಹೃದಯಕ್ಕೆ, ಕೀಲಿಗೆ ಹೋಗಿ ಸೇರುತ್ತದೆ. ಅಮೆರಿಕದ ತಜ್ಞ ಸಂಘಗಳು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಜೆಕ್ಷನ್ನಿಗೆ ಜಾಗ ಇರುವುದು ಮುಖ್ಯವಾಗಿ ಇಂಥ ಕಡೆ. ಮಿದುಳಿನ ಪೊರೆಗೆ ಅಥವಾ ನರದ ಬೇರಿಗೆ ಸೋಂಕು ತಗುಲಿದ್ದರೆ 14ರಿಂದ 21 ದಿನ. ಇಲ್ಲಿಯೂ ಡಾಕ್ಸಿಸೈಕ್ಲಿನ್ ಮಾತ್ರೆ ಒಂದು ಆಯ್ಕೆಯೇ. ಮಿದುಳು ಅಥವಾ ಬೆನ್ನುಹುರಿಯ ಒಳಕ್ಕೇ ಇಳಿದಿದ್ದರೆ 2ರಿಂದ 4 ವಾರ ಇಂಜೆಕ್ಷನ್. ಹೃದಯದ ಬಡಿತದ ಲಯ ತಪ್ಪಿ ಆಸ್ಪತ್ರೆಗೆ ಸೇರಿದವರಿಗೆ ಮೊದಲು ಇಂಜೆಕ್ಷನ್, ಸುಧಾರಿಸಿದ ಮೇಲೆ ಮಾತ್ರೆ, ಎರಡೂ ಸೇರಿ 14ರಿಂದ 21 ದಿನ. ಕೀಲು ಊದಿದ್ದರೆ ಮೊದಲು 28 ದಿನ ಮಾತ್ರೆ. ಅದಕ್ಕೆ ಬಗ್ಗದೆ ಊತ ಉಳಿದರೆ 2ರಿಂದ 4 ವಾರ ಇಂಜೆಕ್ಷನ್.

ಔಷಧ ಬಹುತೇಕ ಸೆಫ್ಟ್ರಿಯಾಕ್ಸೋನ್. ದೊಡ್ಡವರಿಗೆ ದಿನಕ್ಕೆ 2 ಗ್ರಾಂ, ಒಂದೇ ಸಲ. 14 ದಿನಕ್ಕೆ 28 ಗ್ರಾಂ, 21 ದಿನಕ್ಕೆ 42, 28 ದಿನಕ್ಕೆ 56. ಒಂದು ಗ್ರಾಮಿನ ಬಾಟಲಿಗಳಾದರೆ ಅಷ್ಟೇ ಸಂಖ್ಯೆಯ ಬಾಟಲಿ. ಇದೇ ಕೆಲಸಕ್ಕೆ ಸೆಫೊಟಾಕ್ಸಿಮ್ ಬಳಸಿದರೆ 8 ಗಂಟೆಗೊಮ್ಮೆ, ಎಂದರೆ ಎರಡು ವಾರಕ್ಕೆ 42 ಸಲ. ಪೆನಿಸಿಲಿನ್ ಜಿ ಆದರೆ 4 ಗಂಟೆಗೊಮ್ಮೆ, 84 ಸಲ. ಸೆಫ್ಟ್ರಿಯಾಕ್ಸೋನ್ ದೇಹದಿಂದ ನಿಧಾನವಾಗಿ ಹೊರಹೋಗುವುದರಿಂದ 14 ಸಲಕ್ಕೇ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಮಲಗದೆ ಮನೆಯಿಂದಲೇ ಚಿಕಿತ್ಸೆ ಪಡೆಯಲು ಸಾಧ್ಯವಾಗಿರುವುದು ಇದರಿಂದ.

ಮೊದಲ ದಿನ ಏನಾಗುತ್ತದೆ? ಬಾಟಲಿಯಲ್ಲಿರುವುದು ಬಿಳಿ ಅಥವಾ ಮಾಸಲು ಹಳದಿ ಪುಡಿ. ನರ್ಸ್ ಅದಕ್ಕೆ ನೀರು ಬಿಟ್ಟು ಕುಲುಕಿ ಸಲೈನ್ ಚೀಲಕ್ಕೆ ಸೇರಿಸುತ್ತಾರೆ. ದ್ರವ ತಿಳಿಹಳದಿಗೆ ತಿರುಗುತ್ತದೆ. ಸುಮಾರು 30 ನಿಮಿಷ ಡ್ರಿಪ್. ಡ್ರಿಪ್‌ಗೆ ಮೊದಲು ಮತ್ತು ನಂತರ ಸಿರಿಂಜ್‌ನಿಂದ ಸಲೈನ್ ಹರಿಸಿ ನಳಿಕೆ ತೊಳೆಯುವಾಗ ಕೆಲವರಿಗೆ ಬಾಯಲ್ಲಿ ಉಪ್ಪುಪ್ಪು ರುಚಿ ಬರುತ್ತದೆ, ಗಾಬರಿ ಬೇಡ. ಸ್ನಾಯುವಿಗೂ ಇದನ್ನು ಕೊಡಬಹುದು, ಆದರೆ ಒಂದು ಜಾಗಕ್ಕೆ 1 ಗ್ರಾಂಗಿಂತ ಹೆಚ್ಚು ಕೊಡುವಂತಿಲ್ಲ. ಹಾಗಾಗಿ 2 ಗ್ರಾಂಗೆ ದಿನಕ್ಕೆ ಎರಡು ಚುಚ್ಚು. ಮರಗಟ್ಟಿಸುವ ಲಿಡೋಕೇನ್ ಬೆರೆಸಿದರೂ ನೋವು ಇದ್ದದ್ದೇ. ವಾರಗಟ್ಟಲೆ ಚಿಕಿತ್ಸೆ ಇದ್ದಾಗ ರಕ್ತನಾಳದ ದಾರಿಯೇ ಮೇಲು.

ಮೊದಲ 24 ಗಂಟೆಯೊಳಗೆ ಸುಮಾರು ಶೇ. 15ರಷ್ಟು ರೋಗಿಗಳಲ್ಲಿ ಚಳಿ, ಜ್ವರ, ಮೈಕೈ ನೋವು ಏಕಾಏಕಿ ಜೋರಾಗುತ್ತದೆ. ಸಾಯುವ ಬ್ಯಾಕ್ಟೀರಿಯಾಗಳ ಅಂಶಗಳಿಗೆ ದೇಹ ಕೊಡುವ ಪ್ರತಿಕ್ರಿಯೆ ಇದು, ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ಅದು ಅಲರ್ಜಿ. ಒಂದು ಕ್ಷಣವೂ ಕಾಯಬಾರದು. ಪೆನಿಸಿಲಿನ್ ಒಗ್ಗದವರು ಅದನ್ನು ಮೊದಲ ಡೋಸ್‌ಗೆ ಮುಂಚೆಯೇ ಹೇಳಬೇಕು. ವಾರಕ್ಕೊಮ್ಮೆ ರಕ್ತ ಪರೀಕ್ಷೆ, ತೋಳಿನಲ್ಲಿ ಪಿಕ್ ಲೈನ್ ಹಾಕಿದ್ದರೆ ವಾರಕ್ಕೊಮ್ಮೆ ಪಟ್ಟಿ ಬದಲು, ಇವು ಬೇರೆ.

ಪಿಕ್ ಲೈನ್ ಎಂಬುದು ತೋಳಿನಿಂದ ಹೃದಯದ ಹತ್ತಿರದವರೆಗೆ ಹೋಗುವ ತೆಳು ನಳಿಕೆ. ಅಪಾಯದ ಬಾಗಿಲೂ ಅದೇ. ಔಷಧಕ್ಕೂ ಅದರದೇ ಅಪಾಯವಿದೆ: ನ್ಯೂಜೆರ್ಸಿಯಲ್ಲಿ 1990-92ರ ನಡುವೆ, ಲೈಮ್ ಇರಬಹುದೆಂಬ ಶಂಕೆಯ ಮೇಲೆ ಸೆಫ್ಟ್ರಿಯಾಕ್ಸೋನ್ ಪಡೆದವರಲ್ಲಿ 25 ಮಂದಿ ಪಿತ್ತಕೋಶದ ತೊಂದರೆಯಿಂದ ಆಸ್ಪತ್ರೆ ಸೇರಿದರು. 14 ಮಂದಿಗೆ ಪಿತ್ತಕೋಶವನ್ನೇ ತೆಗೆಯಬೇಕಾಯಿತು. ಲೈಮ್ ಇದೆ ಎಂದು ಖಚಿತವೇ ಆಗದ 30ರ ಮಹಿಳೆಯೊಬ್ಬರು 27 ತಿಂಗಳು ರಕ್ತನಾಳದ ಮೂಲಕ ಸೆಫೊಟಾಕ್ಸಿಮ್ ಪಡೆದು, ನಳಿಕೆಗೆ ತಗುಲಿದ ಶಿಲೀಂಧ್ರದ ಸೋಂಕಿನಿಂದ ತೀರಿಕೊಂಡ ಪ್ರಕರಣ 2000ದಲ್ಲಿ ಪ್ರಕಟವಾಯಿತು. ಓದಿದಾಗ ಸಂಕಟವಾಗುತ್ತದೆ. ಆಕೆಗೆ ಮುಳುವಾದದ್ದು ಚಿಕಿತ್ಸೆ.

ಹೆಚ್ಚು ದಿನ ಕೊಟ್ಟರೆ ಹೆಚ್ಚು ಗುಣವೇ? ಈ ಪ್ರಶ್ನೆಗೆ ಅಂಕಿಗಳು ಬಹುಮಟ್ಟಿಗೆ ಇಲ್ಲ ಎಂಬ ಉತ್ತರವನ್ನೇ ಕೊಟ್ಟಿವೆ. ಚಿಕಿತ್ಸೆಯ ನಂತರವೂ ಸುಸ್ತು, ನೋವು ಉಳಿದ 129 ಜನರ ಮೇಲಿನ ಅಧ್ಯಯನ 2001ರಲ್ಲಿ ಬಂತು: 30 ದಿನ ಸೆಫ್ಟ್ರಿಯಾಕ್ಸೋನ್, 60 ದಿನ ಡಾಕ್ಸಿಸೈಕ್ಲಿನ್ ಪಡೆದವರಿಗೂ ಔಷಧವಿಲ್ಲದ ಡಮ್ಮಿ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ನೆದರ್‌ಲ್ಯಾಂಡ್ಸ್‌ನ 280 ರೋಗಿಗಳಿಗೆ ಎರಡು ವಾರ ಇಂಜೆಕ್ಷನ್ ಕೊಟ್ಟು, ಮುಂದೆ 12 ವಾರ ಕೆಲವರಿಗೆ ಆಂಟಿಬಯೋಟಿಕ್, ಕೆಲವರಿಗೆ ಡಮ್ಮಿ ಕೊಟ್ಟರು. ಫಲಿತಾಂಶ ಒಂದೇ. 2003ರ 55 ಜನರ ಅಧ್ಯಯನದಲ್ಲಿ ಸುಸ್ತು ಕೆಲವರಿಗೆ ಇಳಿದದ್ದು ನಿಜ, ಆದರೆ ನಾಲ್ವರು ಅಡ್ಡಪರಿಣಾಮಗಳಿಂದ ಆಸ್ಪತ್ರೆ ಸೇರಿದರು. ನಾರ್ವೆಯ 2008ರ ಅಧ್ಯಯನ ಇನ್ನೊಂದು ಭ್ರಮೆ ಕಳೆಯಿತು: ನರಕ್ಕೆ ತಗುಲಿದ ಲೈಮ್‌ನಲ್ಲಿ 14 ದಿನದ ಮಾತ್ರೆ 14 ದಿನದ ಇಂಜೆಕ್ಷನ್ನಿಗೆ ಸಮನಾಗಿ ನಿಂತಿತು. ಸೂಜಿ ಎಂದರೆ ಗಟ್ಟಿ ಮದ್ದು ಎಂಬ ನಂಬಿಕೆ ನಮ್ಮೂರಲ್ಲೂ ಇದೆ, ಅಮೆರಿಕದಲ್ಲೂ ಇದೆ.

ಇನ್ನು ದುಡ್ಡು. ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ನಡೆದ ಅಧ್ಯಯನದ ಪ್ರಕಾರ, 2016ರ ಬೆಲೆಯಲ್ಲಿ ರೋಗಿಯೊಬ್ಬರಿಗೆ ತಗುಲಿದ ಸರಾಸರಿ ಖರ್ಚು ಸುಮಾರು 1,200 ಡಾಲರ್. ಆದರೆ ಅರ್ಧದಷ್ಟು ಜನ 250 ಡಾಲರ್‌ ಒಳಗೇ ಪಾರಾಗಿದ್ದರು. ಸರಾಸರಿಯನ್ನು ಅಷ್ಟು ಮೇಲಕ್ಕೆ ಎಳೆದದ್ದು ದುಬಾರಿ ಬಿಲ್ ತೆತ್ತ ಕೆಲವರು. ರೋಗ ದೇಹಕ್ಕೆ ಹರಡಿದ್ದರೆ ರೋಗಿಯ ಮತ್ತು ಸಮಾಜದ ಒಟ್ಟು ಖರ್ಚು ಸುಮಾರು ಎರಡು ಪಟ್ಟು. ಭಾರತದಲ್ಲಿ ಸೆಫ್ಟ್ರಿಯಾಕ್ಸೋನ್ ಅಗತ್ಯ ಔಷಧಗಳ ಪಟ್ಟಿಯಲ್ಲಿದ್ದು ಬೆಲೆ ನಿಯಂತ್ರಣಕ್ಕೆ ಒಳಪಟ್ಟಿದೆ. ಲೈಮ್ ನಮ್ಮಿಂದ ತೀರಾ ದೂರವೂ ಅಲ್ಲ: ಬಂಡೀಪುರ, ನಾಗರಹೊಳೆ ಭಾಗದ ಕಾಡಿನಲ್ಲಿ ದುಡಿಯುವವರ ರಕ್ತದಲ್ಲಿ ಲೈಮ್ ವಿರುದ್ಧದ ಪ್ರತಿಕಾಯಗಳು ಸಿಕ್ಕಿದ್ದೂ ಉಂಟು. ಮಲೆನಾಡಿನ ಮಂಗನ ಕಾಯಿಲೆಯನ್ನೂ ಉಣುಗೇ ಹರಡುತ್ತದೆ, ಆದರೆ ಅದು ವೈರಸ್. ಅದಕ್ಕೆ ಈ ಯಾವ ಆಂಟಿಬಯೋಟಿಕ್ಕೂ ನಾಟುವುದಿಲ್ಲ.

ನ್ಯೂಜೆರ್ಸಿಯಲ್ಲೋ ಕನೆಕ್ಟಿಕಟ್‌ನಲ್ಲೋ ಇರುವ ನಿಮ್ಮವರಿಗೆ ಡಾಕ್ಟರು ಇಂಜೆಕ್ಷನ್ ಬರೆದಿದ್ದರೆ, ಮೊದಲ ಬಾಟಲಿ ಒಡೆಯುವ ಮುನ್ನವೇ ಎರಡು ಪ್ರಶ್ನೆ ಕೇಳಲು ಹೇಳಿ: ಮಾತ್ರೆ ಏಕೆ ಸಾಲದು, ಕೊನೆಯ ಡೋಸ್ ಯಾವ ತಾರೀಖು? ಆ ತಾರೀಖು 28 ದಿನ ದಾಟಿದ್ದರೆ, ಇನ್ನೊಬ್ಬ ಸೋಂಕುರೋಗ ತಜ್ಞರನ್ನು ಕಾಣದೆ ಒಪ್ಪಬೇಡಿ.