ರಾತ್ರಿ ತೆರೆದಿರುವ ದನದ ದವಾಖಾನಿ ಎಲ್ಲಿದೆ?

ಬೈಲಹೊಂಗಲದ ದನದ ದವಾಖಾನಿಯ ಅಂಗಳ. ಕಬ್ಬಿಣದ ಕಂಬಗಳ ನಡುವೆ ಒಂದು ಎಮ್ಮೆ, ಬೇವಿನ ನೆರಳಲ್ಲಿ ಆಡುಗಳು, ಗೋಣಿಚೀಲದಲ್ಲಿ ಸುತ್ತಿ ತಂದ ಒಂದು ಕುನ್ನಿ. ಎಮ್ಮೆ, ಆಡುಗಳ ಕೆಲಸ ಬೇಗ ಮುಗಿಯಿತು. ಕುನ್ನಿಗೆ ವಾಂತಿ, ರಕ್ತಭೇದಿ; ಪಾರ್ವೊ ಎನ್ನುವ ಅನುಮಾನ. ತಂದವರ ಮೊದಲ ಮಾತು, ‘ಎಷ್ಟ ಆಗ್ತೈತ್ರಿ ಸಾಹೇಬ್ರ?’

ಆ ಪ್ರಶ್ನೆ ಜಿಪುಣತನದ್ದಲ್ಲ. ಪಾರ್ವೊ ಬಂದ ಮರಿಗೆ ನಾಲ್ಕೈದು ದಿನ ಸಲಾಯಿನ್ ಹಚ್ಚಬೇಕು, ವಾಂತಿ ನಿಲ್ಲಲು, ಸೋಂಕು ಏರದಿರಲು ಇಂಜೆಕ್ಷನ್ ಬೇಕು. ಸರಕಾರಿ ವೈದ್ಯರ ಕೈಗೆ ಹೋಗುವ ಹಣ ಅಲ್ಪ. ಹೊರಗಿನ ಔಷಧದಂಗಡಿ, ದಿನವೂ ಹೋಗಿ ಬರುವ ಗಾಡಿಬಾಡಿಗೆ, ತಪ್ಪಿದ ಕೂಲಿ ಇವೆಲ್ಲ ಸೇರಿ ಸಾವಿರಗಳಾಗುತ್ತವೆ. ಮರಿಗೆ ಆರೆಂಟು ವಾರವಾದಾಗ ಶುರುವಾಗುವ ಲಸಿಕೆಗೆ ತಗಲುವುದು ಕೆಲವು ನೂರು ರೂಪಾಯಿ ಮಾತ್ರ. ಅದನ್ನು ಹಳ್ಳಿಹಳ್ಳಿಗೂ ಹೇಳುವವರಿಲ್ಲ.

ಕಿತ್ತೂರಿನ ಕಷ್ಟವೇ ಬೇರೆ. ಚೆನ್ನಮ್ಮನ ಕೋಟೆಯ ಊರಿಗೆ ತಾಗಿ ಪುಣೆ–ಬೆಂಗಳೂರು ಹೆದ್ದಾರಿ. ವಾಹನಕ್ಕೆ ಸಿಕ್ಕ ನಾಯಿಯ ತೊಡೆಯೆಲುಬು ಮುರಿದರೆ ಬರೀ ಪಟ್ಟಿ ಕಟ್ಟಿ ಕಳಿಸಲಾಗದು. ಎಕ್ಸ್‌ರೇ, ಅರಿವಳಿಕೆ, ಒಳಗೆ ಕೂರಿಸುವ ಲೋಹದ ಸಲಾಕೆ ಎಲ್ಲ ಬೇಕು. ಅದಕ್ಕೆ ಧಾರವಾಡ, ಹುಬ್ಬಳ್ಳಿ ಇಲ್ಲವೇ ಬೆಳಗಾವಿಯ ಖಾಸಗಿ ಕ್ಲಿನಿಕ್ಕಿಗೆ ಓಡಬೇಕು. ಬಿಲ್ಲು ಹತ್ತು ಸಾವಿರ ದಾಟುವುದು ಅಪರೂಪವಲ್ಲ. ಕೂಲಿಯ ಮನೆಯವರು ಅಲ್ಲಿಗೇ ಕೈಚೆಲ್ಲುತ್ತಾರೆ. ಅವರನ್ನು ಕಲ್ಲೆದೆಯವರೆಂದು ಕರೆಯಲು ನನಗೆ ಮನಸ್ಸಿಲ್ಲ.

ಸವದತ್ತಿಗೆ ಬಂದರೆ ಎತ್ತಿನ ಲೋಕ. ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬರುವವರು ಎತ್ತನ್ನು ಮನೆಮಗನಂತೆ ನೋಡಿಕೊಳ್ಳುತ್ತಾರೆ. ಹೊಟ್ಟೆ ಉಬ್ಬರಿಸಿದ ಎತ್ತಿಗೆ ತಾಸುಗಳ ಲೆಕ್ಕ. ಎಡಪಕ್ಕೆಯಲ್ಲಿ ಚುಚ್ಚಿ ಗಾಳಿ ಬಿಡುವ ಕೈ ಹೊತ್ತಿಗೆ ಸಿಕ್ಕರೆ ಬದುಕುತ್ತದೆ, ಸಿಗದಿದ್ದರೆ ಇಲ್ಲ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆಬಾಗಿಲಿಗೆ ಬರುತ್ತದೆ. ಕೇಂದ್ರದ ಯೋಜನೆಯ ಲೆಕ್ಕ ಒಂದು ಲಕ್ಷ ಜಾನುವಾರಿಗೆ ಒಂದು ಗಾಡಿ. ಹಗಲಿನಲ್ಲಿ ಅದು ದೊಡ್ಡ ಆಸರೆ, ನಿಜ. ಹಾವು ಕಚ್ಚುವುದು, ಕರು ಅಡ್ಡ ಸಿಕ್ಕಿಕೊಳ್ಳುವುದು ಮಾತ್ರ ಹಗಲು ನೋಡಿ ಆಗುವುದಿಲ್ಲ.

ಎತ್ತು ಸತ್ತರೆ ಸರಕಾರಕ್ಕೆ ಅದರ ಬೆಲೆ ಗೊತ್ತು. 2022ರ ಚರ್ಮಗಂಟು ರೋಗದಲ್ಲಿ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ ರೂಪಾಯಿ ಪರಿಹಾರ ಗೊತ್ತುಪಡಿಸಿತು. ಕುರಿ ಸತ್ತರೆ ‘ಅನುಗ್ರಹ’ ಯೋಜನೆ ಇದೆ. ಆ ಕುರಿಹಿಂಡನ್ನು ರಾತ್ರಿಯಿಡೀ ತೋಳನಿಂದ ಕಾಯುವ ನಾಯಿಯ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಈ ಊರುಗಳಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಇದೇ. ಹಟ್ಟಿಯ ನಾಯಿಗೆ ಮಂಡಲದ ಹಾವು ಕಚ್ಚಿದರೆ ಅದಕ್ಕೂ ಮನುಷ್ಯರಿಗೆ ಕೊಡುವ ವಿಷನಿರೋಧಕ ಔಷಧವೇ ಬೇಕು. ಮನುಷ್ಯರಿಗೆ ಅದು ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ನಾಯಿಗೆ ಬೇಕೆಂದರೆ ಒಂದೊಂದು ಸೀಸೆಗೂ ನೂರಾರು ರೂಪಾಯಿ ಎಣಿಸಬೇಕು, ಒಂದೇ ಸೀಸೆ ಸಾಲದೆಯೂ ಹೋಗಬಹುದು.

ಇನ್ನು ರಾಮದುರ್ಗ. ಅಲ್ಲಿಂದ ಲೋಕಾಪುರ ದಾಟಿದರೆ ಮುಧೋಳ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಬೇಟೆನಾಯಿಯ ಊರು. ಅಲ್ಲಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸಪೂರ ಮೈಯ, ಕೊಬ್ಬಿಲ್ಲದ ಈ ಜಾತಿಯ ನಾಯಿಗಳಿಗೆ ಅರಿವಳಿಕೆ ಕೊಡುವಾಗ ಹೆಚ್ಚು ಎಚ್ಚರ ಬೇಕು, ಅನುಭವಿ ಕೈಯೇ ಬೇಕು. ತಳಿಯ ಹೆಮ್ಮೆ ಇಷ್ಟು ಹತ್ತಿರವಿದ್ದೂ ರಾಮದುರ್ಗದವರು ನಡುರಾತ್ರಿ ನಾಯಿಯನ್ನು ಗಾಡಿಗೆ ಹಾಕಿಕೊಂಡು ದೂರದ ಧಾರವಾಡ, ಬೆಳಗಾವಿಯ ದಾರಿ ಹಿಡಿಯಬೇಕು. ಬಾಡಿಗೆ ಒಂದೇ ಚಿಕಿತ್ಸೆಯಷ್ಟಾಗುತ್ತದೆ.

ಎಲ್ಲ ತಾಲ್ಲೂಕಿಗೂ ದೊಡ್ಡ ಆಸ್ಪತ್ರೆ ಕೇಳುವುದು ಬೇಡ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರಕ್ಕೂ ನಡುವೆ ಯರಗಟ್ಟಿ ಇದೆ. ಅಲ್ಲಿ ರಾತ್ರಿಪಾಳಿಗೆ ಒಬ್ಬ ವೈದ್ಯ, ಒಂದು ಎಕ್ಸ್‌ರೇ ಯಂತ್ರ, ಹಾವಿನ ವಿಷದ ಔಷಧ ಇಟ್ಟರೆ ಎಮ್ಮೆಗೂ ಆಯಿತು, ನಾಯಿಗೂ ಆಯಿತು. ಕಿತ್ತೂರಿಗೆ ಧಾರವಾಡವೇ ಹತ್ತಿರ. ಅಲ್ಲಿಯೂ ರಾತ್ರಿ ತೆರೆದಿರುವ ಒಂದು ಸರಕಾರಿ ಬಾಗಿಲು ಬೇಕು.